ತಿಥಿಯ ಮರುದಿನ ಶುರುವಾಗುವ ಹುಡುಕಾಟ

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು, ಹೊಳೆಯಲ್ಲಿ ಮುಳುಗೆದ್ದು ಮನೆಗೆ ಬಂದವರಿಗೆ ಹನ್ನೊಂದನೆಯ ದಿನದ ತನಕ ಯೋಚಿಸಲು ಪುರುಸೊತ್ತಿರುವುದಿಲ್ಲ. ತಿಥಿ ಮುಗಿದು, ನೆಂಟರು ಉಂಡು ಬಸ್ಸು ಹತ್ತಿದ ಮೇಲೆ, ಶಾಮಿಯಾನದವರು ಕುರ್ಚಿ ಎಣಿಸಿಕೊಳ್ಳುವ ಹೊತ್ತಿಗೆ, ಯಾರೋ ಒಬ್ಬರು ಮೆಲ್ಲಗೆ ಕೇಳುತ್ತಾರೆ: ‘ಅಪ್ಪ ಎಲ್ಲೆಲ್ಲಿ ಏನೇನು ಇಟ್ಟವ್ನೆ ಅಂತ ಯಾರಿಗಾದ್ರೂ ಹೇಳಿದ್ನಾ?’ ಬಹಳಷ್ಟು ಮನೆಗಳಲ್ಲಿ ಉತ್ತರ ಒಂದೇ. ಯಾರಿಗೂ ಹೇಳಿರುವುದಿಲ್ಲ. ಸಾಲ ಕೊಟ್ಟಿದ್ದು ಹೆಂಡತಿಗೆ ಗೊತ್ತಿಲ್ಲ, ಸಾಲ ಮಾಡಿದ್ದು ಮಗನಿಗೆ ಗೊತ್ತಿಲ್ಲ, ಪಕ್ಕದ ತಾಲ್ಲೂಕಿನಲ್ಲಿ ಅಜ್ಜಿಯ ಕಡೆಯಿಂದ ಬಂದ ಹದಿನೈದು ಗುಂಟೆ ಇದೆಯೆಂಬುದು ಊರಿನ ಇಬ್ಬರು ಮುದುಕರಿಗೆ ಬಿಟ್ಟು ಇನ್ನಾರಿಗೂ ಗೊತ್ತಿಲ್ಲ.

ದೇಶದ ಮಟ್ಟದಲ್ಲಿ ಈ ಮೌನದ ಮೊತ್ತ ಎಷ್ಟೆಂಬುದಕ್ಕೆ ಒಂದು ಅಂಕಿ ಸಾಕು. ಹತ್ತು ವರ್ಷ ಯಾರೂ ಕೇಳದೆ ಬಿದ್ದಿರುವ ಬ್ಯಾಂಕ್ ಠೇವಣಿಗಳು ರಿಸರ್ವ್ ಬ್ಯಾಂಕಿನ ‘ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ’ಗೆ ಹೋಗುತ್ತವೆ. 2024ರ ಮಾರ್ಚ್ ಅಂತ್ಯಕ್ಕೆ ಆ ನಿಧಿಯಲ್ಲಿದ್ದ ಹಣ 78,213 ಕೋಟಿ ರೂಪಾಯಿ. ಇದು ಬ್ಯಾಂಕಿನದ್ದು ಮಾತ್ರ. ವಿಮೆ, ಷೇರು, ಭವಿಷ್ಯನಿಧಿ, ಅಂಚೆ ಉಳಿತಾಯ ಇದರಲ್ಲಿ ಸೇರಿಲ್ಲ. ಯಾವ ನಿಧಿಗೂ ಸೇರದೆ ತಾತನ ಹೆಸರಿನಲ್ಲೇ ಉಳಿದಿರುವ ಪಹಣಿಗಳಂತೂ ಲೆಕ್ಕದ ಆಚೆ.

ಮಂಡ್ಯ ಜಿಲ್ಲೆಯ ಪಶ್ಚಿಮ ಭಾಗದ ಈ ನಾಲ್ಕು ತಾಲ್ಲೂಕುಗಳು, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಕಂದಾಯ ಇಲಾಖೆಯ ಲೆಕ್ಕದಲ್ಲಿ ಒಂದೇ ಉಪವಿಭಾಗ. ಉಪವಿಭಾಗಾಧಿಕಾರಿಯ ಕಚೇರಿ ಪಾಂಡವಪುರದಲ್ಲಿದೆ. ಕಾಲುವೆ ನೀರಿನ ಕಬ್ಬು ಭತ್ತದ ಬಯಲೂ ಮಳೆಗೆ ಮುಖ ಮಾಡಿ ಕೂತ ರಾಗಿ ಹೊಲವೂ ಇದರೊಳಗೇ ಇವೆ. ಇಲ್ಲಿನ ಆಸ್ತಿಯ ಬಗೆ ಬೆಂಗಳೂರಿನ ಅಪಾರ್ಟ್‌ಮೆಂಟಿನವರದ್ದಲ್ಲ. ಆದ್ದರಿಂದ ಪೇಟೆಯವರಿಗೆಂದು ಬರೆದ ಸಲಹೆಗಳು ಇಲ್ಲಿ ಅರ್ಧಕ್ಕೇ ನಿಲ್ಲುತ್ತವೆ. ನಮ್ಮ ಕಡೆಯ ಮನೆಗಳಲ್ಲಿ ಆಸ್ತಿ ಎಲ್ಲೆಲ್ಲಿ ಅಡಗಿರುತ್ತದೆ, ಅದನ್ನು ಹುಡುಕಲು ಇರುವ ದಾರಿಗಳು ಎಷ್ಟು ಗಟ್ಟಿ ಎಂದು ನೋಡುವುದು ಈ ಬರಹದ ಕೆಲಸ.

ನನ್ನ ದೊಡ್ಡಪ್ಪ ಹೋದಾಗ ಅವರ ಕಬ್ಬಿಣದ ಟ್ರಂಕನ್ನು ಜಗಲಿಗೆ ತಂದು ಬಿಚ್ಚಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನುಸಿಗುಳಿಗೆಯ ವಾಸನೆ. ಮೇಲೆ ಎರಡು ಮಡಿ ಪಂಚೆ. ಅದರಡಿ ದಾರ ಸುತ್ತಿದ ಕಂದಾಯ ರಸೀದಿಗಳ ಕಟ್ಟು, ಮೂಲೆ ಗೆದ್ದಲು ತಿಂದ ಒಂದು ಸಾಗುವಳಿ ಚೀಟಿ, ಬಾಂಡ್ ಇಲ್ಲದ ಖಾಲಿ ಎಲ್‌ಐಸಿ ಲಕೋಟೆ, ಸಕ್ಕರೆ ಕಾರ್ಖಾನೆಯ ಷೇರು ಪತ್ರ, ಯಾರದೋ ಮದುವೆ ಕಾಗದದ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಹೆಸರು ಮತ್ತು ಮೊತ್ತ, ಮತ್ತೊಂದು ಸಣ್ಣ ಪಾಸ್‌ಬುಕ್. ಪಾಸ್‌ಬುಕ್ಕಿನ ಮೇಲೆ ‘ವಿಶ್ವೇಶ್ವರಯ್ಯ ಗ್ರಾಮೀಣ ಬ್ಯಾಂಕ್’ ಎಂದಿತ್ತು. ಅಣ್ಣ ಅದನ್ನು ಪಕ್ಕಕ್ಕೆಸೆದು ‘ಆ ಬ್ಯಾಂಕೇ ಮುಚ್ಚಿ ಹೋಯ್ತಲ್ಲ’ ಅಂದ.

ಆ ಮಾತು ತಪ್ಪು. ಎಷ್ಟೋ ಮನೆಗಳ ಹಣ ಇಂಥ ಮಾತಿನಿಂದಲೇ ಹೋಗಿದೆ. ಮಂಡ್ಯವನ್ನೇ ಕೇಂದ್ರ ಮಾಡಿಕೊಂಡಿದ್ದ ವಿಶ್ವೇಶ್ವರಯ್ಯ ಗ್ರಾಮೀಣ ಬ್ಯಾಂಕ್ 2012ರಲ್ಲಿ ಇನ್ನೆರಡು ಗ್ರಾಮೀಣ ಬ್ಯಾಂಕುಗಳೊಂದಿಗೆ ಸೇರಿ ಕಾವೇರಿ ಗ್ರಾಮೀಣ ಬ್ಯಾಂಕ್ ಆಯಿತು. ಅದು 2019ರಲ್ಲಿ ಪ್ರಗತಿ ಕೃಷ್ಣದ ಜೊತೆಗೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಿಂದ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಳಕ್ಕೆ ಬಂತು. ಹಳೆಯ ಖಾತೆಯ ಹೊಣೆ ಇಷ್ಟೂ ಸಲ ಕೈಯಿಂದ ಕೈಗೆ ದಾಟಿದೆ, ಎಲ್ಲಿಯೂ ಬಿದ್ದುಹೋಗಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಪಾಸ್‌ಬುಕ್ ಸಿಕ್ಕಿದರೆ 2017ರಿಂದ ಅದು ಎಸ್‌ಬಿಐ. ವಿಜಯಾ ಬ್ಯಾಂಕ್ 2019ರಿಂದ ಬ್ಯಾಂಕ್ ಆಫ್ ಬರೋಡಾ. ಸಿಂಡಿಕೇಟ್ 2020ರಿಂದ ಕೆನರಾ. ಕಾರ್ಪೊರೇಷನ್ ಅದೇ ವರ್ಷದಿಂದ ಯೂನಿಯನ್ ಬ್ಯಾಂಕ್. ವೈಶ್ಯ ಬ್ಯಾಂಕ್ ಮೊದಲು ಐಎನ್‌ಜಿ ವೈಶ್ಯ ಆಗಿ, 2015ರಲ್ಲಿ ಕೋಟಕ್ ಮಹೀಂದ್ರದೊಳಗೆ ಸೇರಿದೆ. ಹಳ್ಳಿಯ ಟ್ರಂಕಿನಲ್ಲಿ ಸಿಗುವ ಪಾಸ್‌ಬುಕ್ಕುಗಳಲ್ಲಿ ಹೆಚ್ಚಿನವು ಈ ಹೆಸರುಗಳವೇ. ನಮ್ಮ ದೊಡ್ಡಪ್ಪನ ಖಾತೆಯೂ ಸಿಕ್ಕಿತು. ದೊಡ್ಡ ಮೊತ್ತವಲ್ಲ. ದೊಡ್ಡಮ್ಮನ ಕಣ್ಣಿನ ಆಪರೇಷನ್ನಿಗೆ ಆಯಿತು.

ಪಾಸ್‌ಬುಕ್ ಸಿಕ್ಕಿದ ಕೂಡಲೇ ಕೊನೆಯ ಶಿಲ್ಕು ನೋಡಿ ಮುಚ್ಚಿಬಿಡಬಾರದು. ಸಾಲುಸಾಲಾಗಿ ಓದಬೇಕು. ಮೇ ತಿಂಗಳ ಕೊನೆಯಲ್ಲಿ 330 ರೂಪಾಯಿ ಅಥವಾ 436 ರೂಪಾಯಿ ಕಡಿತ ಕಂಡರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ ಕಂತು. ಸಾವು ಹೇಗೇ ಬಂದಿರಲಿ, ಎರಡು ಲಕ್ಷ. 12 ಅಥವಾ 20 ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ವಿಮೆ. ಅಪಘಾತದ ಸಾವಿಗೆ ಎರಡು ಲಕ್ಷ. 2015ರಲ್ಲಿ ಶುರುವಾದ ಈ ಎರಡು ಯೋಜನೆಗಳಿಗೆ ಬ್ಯಾಂಕಿನಲ್ಲಿ ಸಾಲು ನಿಂತು ಸಹಿ ಹಾಕಿದವರು ಅದನ್ನು ಅಂದೇ ಮರೆತಿರುತ್ತಾರೆ. ಕೈಗೆ ಬಾಂಡೂ ಬಂದಿರುವುದಿಲ್ಲ. ಟ್ರ್ಯಾಕ್ಟರ್ ಮಗುಚಿ ಸತ್ತವನ ಮನೆಗೆ, ಗದ್ದೆಯಲ್ಲಿ ಹಾವು ಕಚ್ಚಿ ಸತ್ತವಳ ಮನೆಗೆ ಬರಬೇಕಾದ ಎರಡು ಲಕ್ಷಕ್ಕೆ ಇರುವ ಸುಳಿವು ಆ ಹನ್ನೆರಡು ರೂಪಾಯಿಯ ಸಾಲು ಮಾತ್ರ. ವರ್ಷಕ್ಕೊಮ್ಮೆ ಇನ್ನಾವುದೋ ಮೊತ್ತ ಹೋಗುತ್ತಿದ್ದರೆ ಅದು ಬೇರೊಂದು ವಿಮೆ. ಆ ಖಾತೆಯದ್ದೇ ಬಡ್ಡಿಯಲ್ಲದೆ ಮೂರು ತಿಂಗಳಿಗೊಮ್ಮೆ ಬೇರೊಂದು ಬಡ್ಡಿ ಬಂದು ಬೀಳುತ್ತಿದ್ದರೆ ಎಲ್ಲೋ ಒಂದು ಠೇವಣಿ ಇದೆ. ಲಾಕರ್ ಬಾಡಿಗೆ ಕಡಿತವಾಗಿದ್ದರೆ ಲಾಕರ್ ಇದೆ.

ಇನ್ನು ಭೂಮಿ. ನಮ್ಮ ಕಡೆ ಅರ್ಧಕ್ಕರ್ಧ ಹುಡುಕಾಟ ಇದರದ್ದೇ.

ಭೂಮಿ ತಂತ್ರಾಂಶ ರಾಜ್ಯದ ಎಲ್ಲ ತಾಲ್ಲೂಕುಗಳಿಗೆ ಬಂದು ಎರಡು ದಶಕ ದಾಟಿತು. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿ ಕ್ಷಣದಲ್ಲಿ ಬರುತ್ತದೆ. ಕಷ್ಟ ಇರುವುದು ನಂಬರ್ ಗೊತ್ತಿಲ್ಲದಿದ್ದಾಗ. ಖಾತೆದಾರರ ಹೆಸರಿನಿಂದ ಹುಡುಕುವ ಅವಕಾಶವೂ ಇದೆ, ಆದರೆ ಒಂದೊಂದೇ ಹಳ್ಳಿಯನ್ನು ಆರಿಸಿ ಹುಡುಕಬೇಕು. ಒಂದು ಹಳ್ಳಿಯಲ್ಲಿ ನಿಂಗೇಗೌಡ ಎಂಬ ಹೆಸರಿನವರು ಆರು ಮಂದಿ ಇರುತ್ತಾರೆ. ‘ಬಿನ್’ ಮುಂದಿನ ತಂದೆಯ ಹೆಸರು, ‘ಕೋಂ’ ಮುಂದಿನ ಗಂಡನ ಹೆಸರು ಗಟ್ಟಿಯಾಗಿ ತಿಳಿದಿರಬೇಕು. ಅಲ್ಲದೆ ಊರಿನಲ್ಲಿ ಕರೆಯುವ ಹೆಸರೇ ಪಹಣಿಗೆ ಹತ್ತಿರುವುದುಂಟು. ಶಾಲೆಯ ದಾಖಲೆಯಲ್ಲಿ ಒಂದು, ಮತದಾರರ ಚೀಟಿಯಲ್ಲಿ ಇನ್ನೊಂದು, ಪಹಣಿಯಲ್ಲಿ ‘ದೊಡ್ಡಮರಿ’ ಎಂದು ಮತ್ತೊಂದು. ಹುಡುಕುವವರು ಮೊದಲು ಮಾಡಬೇಕಾದ್ದು ಸತ್ತವರು ಬದುಕಿನಲ್ಲಿ ಹೊತ್ತ ಅಷ್ಟೂ ಹೆಸರುಗಳ ಪಟ್ಟಿ. ನನ್ನ ಅನುಭವದಲ್ಲಿ ಈ ಒಂದು ಪಟ್ಟಿ ಹತ್ತು ಸಲ ಕಚೇರಿಗೆ ಅಲೆಯುವುದನ್ನು ಉಳಿಸುತ್ತದೆ.

ಊರುಗಳ ಹೆಸರೂ ಬದಲಾಗಿವೆ. ಪಾಂಡವಪುರ ಹಿಂದೆ ಫ್ರೆಂಚ್ ರಾಕ್ಸ್, ಅದಕ್ಕೂ ಮೊದಲು ಹಿರೋಡೆ. ಕೃಷ್ಣರಾಜಪೇಟೆ ಹಿಂದೆ ಅತ್ತಿಗುಪ್ಪೆ. ಮಂಡ್ಯ ಜಿಲ್ಲೆ ಹುಟ್ಟಿದ್ದೇ 1939ರ ಜುಲೈ 1ರಂದು. ಅದಕ್ಕಿಂತ ಹಿಂದಿನ ಕ್ರಯಪತ್ರಗಳಲ್ಲಿ ಇವೆಲ್ಲ ಮೈಸೂರು ಜಿಲ್ಲೆ. ಮುತ್ತಜ್ಜನ ಕಾಲದ ಪತ್ರದಲ್ಲಿ ‘ಮೈಸೂರು ಡಿಸ್ಟ್ರಿಕ್ಟು’ ಎಂದಿರುವುದನ್ನು ನೋಡಿ ಇದು ನಮ್ಮೂರಿನದ್ದಲ್ಲ ಎಂದು ಬದಿಗಿಟ್ಟವರನ್ನು ನಾನು ಕಂಡಿದ್ದೇನೆ.

ಪಹಣಿಯಲ್ಲಿ ಕಾಣದ್ದಕ್ಕೆ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಬೇಕು. ಋಣಭಾರ ಪತ್ರವನ್ನು ಈಗ ಕಾವೇರಿ ತಂತ್ರಾಂಶದಲ್ಲೇ ತೆಗೆಯಬಹುದು. ಆದರೆ ಗಣಕೀಕರಣ ಬಂದದ್ದು 2004ರ ಆಸುಪಾಸು. ಅದಕ್ಕಿಂತ ಹಿಂದಿನದನ್ನು ಕೈಬರಹದ ಪುಸ್ತಕಗಳಲ್ಲೇ ನೋಡಬೇಕು. ಇಲ್ಲೊಂದು ಮಾತು ಬಹಳ ಮಂದಿಗೆ ತಿಳಿದಿಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ಕಚೇರಿಯೂ ನಾಲ್ಕು ಬಗೆಯ ಸೂಚಿ ಇಡಬೇಕು. ಒಂದನೆಯದು ಪತ್ರ ಮಾಡಿದವರ ಮತ್ತು ಮಾಡಿಸಿಕೊಂಡವರ ಹೆಸರಿನದು, ಎರಡನೆಯದು ಸ್ವತ್ತಿನದು. ಈ ಎರಡನ್ನೂ ಶುಲ್ಕ ಕಟ್ಟಿ ನೋಡುವ ಹಕ್ಕು ಯಾರಿಗಾದರೂ ಇದೆ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೂ ಹೆಸರಿನ ಸೂಚಿಯಲ್ಲಿ ವರ್ಷವರ್ಷವೂ ಬೆರಳಾಡಿಸುತ್ತ ಹೋದರೆ ಕೊಂಡದ್ದು, ಮಾರಿದ್ದು, ಭೋಗ್ಯಕ್ಕೆ ಕೊಟ್ಟದ್ದು, ಪಾಲು ಪಾರಿಕತ್ತು ಎಲ್ಲ ಸಿಗುತ್ತವೆ. ಉಯಿಲು ನೋಂದಣಿಯಾಗಿದ್ದರೆ ಅದು ಮೂರನೆಯ ಪುಸ್ತಕದಲ್ಲಿರುತ್ತದೆ. ಬರೆದವರು ಬದುಕಿರುವ ತನಕ ಬೇರೆ ಯಾರಿಗೂ ತೋರಿಸರು. ಮರಣ ಪ್ರಮಾಣಪತ್ರ ತೋರಿಸಿದ ಮೇಲೆ ಕೇಳಿದವರಿಗೆ ನಕಲು ಕೊಡಬೇಕು. ಉಯಿಲಿಲ್ಲ ಎಂದು ಎಲ್ಲರೂ ನಂಬಿಕೊಂಡು ಪಾಲು ಮಾಡಿಕೊಂಡ ಮೇಲೆ ಮೂರನೆಯ ಪುಸ್ತಕದಿಂದ ಉಯಿಲು ಎದ್ದು ಬಂದರೆ ಮನೆ ಮತ್ತೊಮ್ಮೆ ಒಡೆಯುತ್ತದೆ. ಇದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಭೂಮಿಯ ಹೆಸರಿನಲ್ಲಿ ಹಣವಾಗಿ ಕೂತಿರುವ ಆಸ್ತಿಯೂ ನಮ್ಮಲ್ಲಿ ಬಹಳ. ಕನ್ನಂಬಾಡಿ ಕಟ್ಟೆ 1911ರಲ್ಲಿ ಶುರುವಾದಾಗಿನಿಂದ ಈ ಸೀಮೆಯ ಜನ ಭೂಮಿ ಕೊಡುತ್ತಲೇ ಬಂದಿದ್ದಾರೆ. ಹಳೆಯ ಕನ್ನಂಬಾಡಿ ಊರೇ ನೀರಿನಡಿ ಹೋಯಿತು. ಮುಳುಗಡೆಯವರಿಗೆ ಬೇರೆ ಕಡೆ ಕೊಟ್ಟ ಜಮೀನಿನ ಕಾಗದಗಳು ಮೊಮ್ಮಕ್ಕಳಿಗೆ ಗೊತ್ತಿಲ್ಲದೆ ಉಳಿದಿರುವುದುಂಟು. ಆಮೇಲೆ ಹೇಮಾವತಿ ನಾಲೆಗಳಿಗೆ ಕೆ.ಆರ್. ಪೇಟೆ, ನಾಗಮಂಗಲದ ಹೊಲಗಳು ಹೋದವು. ಇತ್ತೀಚೆಗೆ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಗೆ ಶ್ರೀರಂಗಪಟ್ಟಣ ಸುತ್ತಿನ ಜಮೀನುಗಳು. ಭೂಸ್ವಾಧೀನದಲ್ಲಿ ಹಕ್ಕಿನ ತಕರಾರು ಇದ್ದರೆ ಪರಿಹಾರದ ಹಣ ನ್ಯಾಯಾಲಯದಲ್ಲಿ ಠೇವಣಿಯಾಗಿ ಕೂತಿರುತ್ತದೆ. ಅಣ್ಣತಮ್ಮಂದಿರ ವ್ಯಾಜ್ಯ ನಡೆಯುತ್ತಿರುವಾಗಲೇ ಅಣ್ಣ ತೀರಿಹೋಗಿ, ವಕೀಲರೂ ತೀರಿಹೋಗಿ, ಮಕ್ಕಳು ಬೆಂಗಳೂರು ಸೇರಿದ ಮೇಲೆ ಅದನ್ನು ಕೇಳುವವರೇ ಇರುವುದಿಲ್ಲ. ಪಹಣಿಯಲ್ಲಿ ಹಿಂದೆ ಎರಡು ಎಕರೆ ಇದ್ದದ್ದು ಈಗ ಒಂದು ಎಕರೆ ಮೂವತ್ತು ಗುಂಟೆ ಎಂದು ಕಂಡರೆ ಆ ಹತ್ತು ಗುಂಟೆ ಎಲ್ಲಿ ಹೋಯಿತು, ಅದರ ದುಡ್ಡು ಯಾರು ತೆಗೆದುಕೊಂಡರು ಎಂದು ಭೂಸ್ವಾಧೀನಾಧಿಕಾರಿಯ ಕಚೇರಿಯಲ್ಲಿ ಕೇಳಲೇಬೇಕು. ಖಾತೆ ಬದಲಾವಣೆ ದಾಖಲಿಸುವ ಎಂ.ಆರ್. ಪುಸ್ತಕದಲ್ಲಿ ಆ ವರ್ಷದ ಸಾಲು ನೋಡಿದರೆ ಕಾರಣ ಬರೆದಿರುತ್ತದೆ.

ಸಾಗುವಳಿ ಚೀಟಿ ಸಿಕ್ಕಿದರೂ ಹೀಗೆಯೇ. ಮಂಜೂರಾಗಿ ಚೀಟಿ ಕೈಗೆ ಬಂದರೂ ಖಾತೆಯಾಗದೆ, ಪೋಡಿಯಾಗದೆ ಉಳಿದ ಜಮೀನುಗಳು ನಾಗಮಂಗಲದ ಕಡೆಯ ಗೋಮಾಳದ ಅಂಚುಗಳಲ್ಲಿವೆ. ಅಪ್ಪ ಉಳುತ್ತಿದ್ದ, ಕಂದಾಯ ಕಟ್ಟುತ್ತಿದ್ದ, ದಾಖಲೆ ಮಾತ್ರ ಸರ್ಕಾರದ ಹೆಸರಿನಲ್ಲಿ. ಚೀಟಿಯ ಮೇಲಿನ ಆದೇಶ ಸಂಖ್ಯೆ, ದಿನಾಂಕ ಇಟ್ಟುಕೊಂಡು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಮೂಲ ಕಡತದ ದೃಢೀಕೃತ ನಕಲು ತೆಗೆಸಬೇಕು. ಮನೆ, ಕೊಟ್ಟಿಗೆ, ಹಿತ್ತಿಲ ನಿವೇಶನ ಇವೆಲ್ಲ ಪಹಣಿಗೆ ಬರುವುದಿಲ್ಲ. ಅವು ಗ್ರಾಮ ಪಂಚಾಯಿತಿಯ ಇ-ಸ್ವತ್ತಿನಲ್ಲೋ, ಇನ್ನೂ ಅಲ್ಲಿಗೆ ಹತ್ತದ ಹಳೆಯ ಡಿಮ್ಯಾಂಡ್ ರಿಜಿಸ್ಟರಿನಲ್ಲೋ ಇರುತ್ತವೆ.

ಇಷ್ಟೆಲ್ಲ ಸಿಕ್ಕಿದ ಮೇಲೆ ಪೌತಿ ಖಾತೆ. 1964ರ ಭೂಕಂದಾಯ ಕಾಯ್ದೆ ವಾರಸುದಾರರು ಮೂರು ತಿಂಗಳೊಳಗೆ ಹಕ್ಕನ್ನು ವರದಿ ಮಾಡಬೇಕೆನ್ನುತ್ತದೆ. ಮೂರು ತಿಂಗಳಲ್ಲ, ಮೂವತ್ತು ವರ್ಷವಾದರೂ ಮಾಡದವರೇ ಹೆಚ್ಚು. ಅದಕ್ಕೇ ಸರ್ಕಾರ ಇ-ಪೌತಿ ಆಂದೋಲನ ನಡೆಸಬೇಕಾಗಿ ಬಂತು. ಖಾತೆ ಬದಲಾದ ಮಾತ್ರಕ್ಕೆ ಒಡೆತನ ಬಂದಂತಲ್ಲ ಎಂದು ನ್ಯಾಯಾಲಯಗಳು ಹೇಳುತ್ತಲೇ ಬಂದಿವೆ. ಆದರೂ ಖಾತೆಯಿಲ್ಲದೆ ಬೆಳೆ ಸಾಲವಿಲ್ಲ, ಬೆಳೆ ಪರಿಹಾರವಿಲ್ಲ.

ಬ್ಯಾಂಕ್ ಹಣದ ಹುಡುಕಾಟಕ್ಕೆ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 17ರಂದು ‘ಉದ್ಗಮ್’ ತೆರೆಯಿತು. ಸತ್ತವರ ಹೆಸರಿನ ಜೊತೆಗೆ ಪ್ಯಾನ್, ಮತದಾರರ ಗುರುತಿನ ಚೀಟಿ, ಜನ್ಮದಿನಾಂಕದಂಥ ಒಂದು ಗುರುತು ಕೊಟ್ಟರೆ ಯಾವ ಬ್ಯಾಂಕಿನಲ್ಲಿ ಕೇಳದ ಠೇವಣಿ ಇದೆಯೆಂದು ತೋರಿಸುತ್ತದೆ. 2024ರ ಮಾರ್ಚ್ ವೇಳೆಗೆ 30 ಬ್ಯಾಂಕುಗಳು ಅದರಲ್ಲಿದ್ದವು. ಇದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ನಮ್ಮ ಕಡೆಯವರು ಎರಡು ಸಂಗತಿ ತಿಳಿದಿರಬೇಕು. ಮೊದಲನೆಯದು, ಅಲ್ಲಿ ಕಾಣುವುದು ಹತ್ತು ವರ್ಷ ಮೀರಿ ನಿಧಿಗೆ ಹೋದ ಹಣ ಮಾತ್ರ. ಮೂರು ವರ್ಷದ ಹಿಂದೆ ಸತ್ತವರ ಚಾಲ್ತಿ ಠೇವಣಿ ಅಲ್ಲಿ ಬರುವುದಿಲ್ಲ. ಉದ್ಗಮ್‌ನಲ್ಲಿ ಹೆಸರಿಲ್ಲವೆಂದು ಹುಡುಕಾಟ ನಿಲ್ಲಿಸಿದರೆ ದೊಡ್ಡ ತಪ್ಪು. ಎರಡನೆಯದು, ಹಳ್ಳಿಯ ದುಡ್ಡು ಬಹಳಷ್ಟು ಆ 30 ಬ್ಯಾಂಕುಗಳ ಆಚೆಗೂ ಇದೆ. ಅದು ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿದೆ, ಹಾಲಿನ ಡೈರಿಯಲ್ಲಿದೆ, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನಲ್ಲಿದೆ, ಪಿಗ್ಮಿಯವನ ಪುಸ್ತಕದಲ್ಲಿದೆ, ಸಕ್ಕರೆ ಕಾರ್ಖಾನೆಯ ಲೆಡ್ಜರಿನಲ್ಲಿದೆ.

ಇವಕ್ಕೆ ಯಾವ ಪೋರ್ಟಲ್ಲೂ ಇಲ್ಲ. ಕಾಲಿನಿಂದಲೇ ಹುಡುಕಬೇಕು. ಸೊಸೈಟಿ ಕಾರ್ಯದರ್ಶಿಯ ಮುಂದೆ ಕೂತು ಷೇರು ಎಷ್ಟು, ಠೇವಣಿ ಎಷ್ಟು, ಸಾಲ ಎಷ್ಟು ಎಂದು ಬರೆಸಿಕೊಳ್ಳಬೇಕು. ಡೈರಿಯಲ್ಲಿ ಷೇರು ಹಣ ಮತ್ತು ಬರಬೇಕಾದ ಬೋನಸ್ ಕೇಳಬೇಕು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಶುರುವಾದಾಗಿನಿಂದ ರೈತರೂ ಅದರ ಷೇರುದಾರರು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಕ್ಕೆ ಖಾಸಗಿಯವರಿಗೆ ಗುತ್ತಿಗೆ ಕೊಟ್ಟರೂ ಸಹಕಾರ ಸಂಘ ಇದೆ, ಸದಸ್ಯರ ಷೇರು ಇದೆ. ಈ ಷೇರುಗಳ ಬೆಲೆ ಇಂದು ಹೆಚ್ಚಿಲ್ಲದಿರಬಹುದು. ಆದರೆ ಮತ ಹಾಕುವ ಹಕ್ಕು, ಸಭೆಯಲ್ಲಿ ಎದ್ದು ಕೇಳುವ ಹಕ್ಕು ಅದರೊಂದಿಗೆ ಬರುತ್ತದೆ. ಕಬ್ಬು ಬೆಳೆದು ಕಾರ್ಖಾನೆ ಕಟ್ಟಿದ ಅಜ್ಜನ ಷೇರನ್ನು ಮೊಮ್ಮಗ ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಬಿಡುವುದು ನನಗೆ ನೋವಿನ ಸಂಗತಿ.

ಗಿರವಿ ಇಟ್ಟ ಚಿನ್ನದ ವಿಷಯದಲ್ಲಿ ತಡ ಮಾಡುವಂತಿಲ್ಲ. ಬೇಸಾಯಕ್ಕೆಂದು ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಇಟ್ಟ ಒಡವೆಗೆ ಬಡ್ಡಿ ಬೆಳೆಯುತ್ತಾ ಹೋಗುತ್ತದೆ. ಹರಾಜಿನ ನೋಟಿಸು ಸತ್ತವರ ಹೆಸರಿಗೇ ಬರುತ್ತದೆ. ಬೀರುವಿನಲ್ಲಿ ಒಡವೆ ಇಲ್ಲವೆಂದ ಕೂಡಲೇ ಸೊಸೆಯ ಮೇಲೋ ಮಗಳ ಮೇಲೋ ಅನುಮಾನಪಟ್ಟ ಮನೆಗಳಿವೆ. ಗಿರವಿ ಚೀಟಿ ಆಮೇಲೆ ಯಾವುದೋ ಪಂಚಾಂಗದೊಳಗೆ ಸಿಕ್ಕಿದೆ. ಆಡಿದ ಮಾತನ್ನು ಯಾರೂ ಹಿಂದಕ್ಕೆ ಪಡೆಯಲಾಗಿಲ್ಲ.

ಅಂಚೆ ಕಚೇರಿಯಲ್ಲಿ ನಾಮನಿರ್ದೇಶನ ಇಲ್ಲದಿದ್ದರೂ ಐದು ಲಕ್ಷದವರೆಗಿನ ಮೊತ್ತವನ್ನು, ಸಾವಿನಿಂದ ಆರು ತಿಂಗಳ ನಂತರ, ಪ್ರಮಾಣಪತ್ರ ಮತ್ತು ಜಾಮೀನಿನ ಮೇಲೆ ವಾರಸುದಾರರಿಗೆ ಕೊಡಲು ನಿಯಮವಿದೆ. ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಒಂದೇ ಬಗೆಯ ನಿರ್ದೇಶನ ಕೊಟ್ಟಿದೆ: ಕಾಗದ ಪೂರ್ತಿಯಾದ 15 ದಿನದೊಳಗೆ ಕ್ಲೇಮು ತೀರಿಸಬೇಕು, ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ ಸರಳ ವಿಧಾನ. ಅದಕ್ಕಿಂತ ಮೇಲಿನದಕ್ಕೆ, ಅಥವಾ ತಕರಾರಿದ್ದರೆ, 1925ರ ಉತ್ತರಾಧಿಕಾರ ಕಾಯ್ದೆಯಡಿ ಸಿವಿಲ್ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕಾಗಬಹುದು. ಅದು ಹಣ, ಷೇರು, ಬರಬೇಕಾದ ಸಾಲಗಳಿಗೆ ಮಾತ್ರ, ಜಮೀನಿಗಲ್ಲ. ಜಮೀನಿಗೆ ನಾಡಕಚೇರಿಯ ವಂಶವೃಕ್ಷ. ಸರ್ಕಾರಿ ನೌಕರರಾಗಿದ್ದವರ ಮನೆಯವರು 1891ರಲ್ಲಿ ಮೈಸೂರು ಸಂಸ್ಥಾನ ಶುರುಮಾಡಿದ, ಈಗ ಕೆಜಿಐಡಿ ಎನ್ನುವ ಸರ್ಕಾರಿ ವಿಮಾ ಇಲಾಖೆಯ ಪಾಲಿಸಿಗಳನ್ನು ಮರೆಯಬಾರದು. ಮೇಷ್ಟ್ರುಗಳ ಮನೆಯಲ್ಲಿ ಒಬ್ಬೊಬ್ಬರಿಗೆ ನಾಲ್ಕೈದು ಪಾಲಿಸಿಗಳಿರುತ್ತವೆ. ಮ್ಯೂಚುವಲ್ ಫಂಡಿಗೆ ಸೆಬಿಯ ‘ಮಿತ್ರ’ ಇದೆ, ಏಳು ವರ್ಷ ಲಾಭಾಂಶ ಕೇಳದ ಕಂಪನಿ ಷೇರುಗಳಿಗೆ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿ ಇದೆ.

ಕೆ.ಆರ್. ಪೇಟೆ, ನಾಗಮಂಗಲದವರಿಗೆ ಇನ್ನೊಂದು ಕಷ್ಟವಿದೆ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ನಡುವೆ ಮುಂಬೈಯಿಂದ ಊರಿಗೆ ಬಂದವರ ಸಾಲು ನೋಡಿದಾಗಲೇ ಈ ತಾಲ್ಲೂಕುಗಳಿಂದ ಅಲ್ಲಿಗೆ ದುಡಿಯಲು ಹೋದವರು ಎಷ್ಟೆಂದು ನಾಡಿಗೆ ಗೊತ್ತಾದದ್ದು. ಹೋಟೆಲು, ಆಟೊ, ಟೀ ಅಂಗಡಿ ಎಂದು ದುಡಿದು ಅಲ್ಲೇ ಕಣ್ಣು ಮುಚ್ಚಿದವರ ಖೋಲಿಯ ಮುಂಗಡ, ಅಲ್ಲಿನ ಸಹಕಾರಿ ಬ್ಯಾಂಕಿನ ಖಾತೆ, ಸ್ನೇಹಿತರೊಂದಿಗೆ ಹಾಕಿದ ಚೀಟಿ, ಪಾಲುದಾರಿಕೆಯಲ್ಲಿ ತೆಗೆದ ಆಟೊ ಪರ್ಮಿಟ್ಟು ಊರಿನ ಹೆಂಡತಿಗೆ ತಿಳಿಯುವುದು ಹೇಗೆ? ಅಂಥ ಮನೆಗಳಿಗೆ ಎಲ್ಲ ದಾಖಲೆಗಿಂತ ಮುಖ್ಯವಾದದ್ದು ಸತ್ತವರ ಮೊಬೈಲು ಮತ್ತು ಸಿಮ್. ಬ್ಯಾಂಕಿನ ಸಂದೇಶ, ವಿಮೆಯ ಕಂತಿನ ನೆನಪು, ಚೀಟಿಯವನ ಕರೆ ಎಲ್ಲ ಅದಕ್ಕೇ ಬರುತ್ತವೆ. ಒಂದು ವರ್ಷವಾದರೂ ಆ ನಂಬರನ್ನು ರೀಚಾರ್ಜ್ ಮಾಡಿ ಉಳಿಸಿಕೊಳ್ಳಿ. ಆದರೆ ಅದರಿಂದ ಹಣ ತೆಗೆಯಬೇಡಿ, ಎಟಿಎಂ ಕಾರ್ಡು ಉಜ್ಜಬೇಡಿ. ಸತ್ತ ಮೇಲೆ ಖಾತೆಯಿಂದ ತೆಗೆದ ಹತ್ತು ಸಾವಿರ ಆಮೇಲೆ ನ್ಯಾಯಾಲಯದಲ್ಲಿ ಹತ್ತು ಪ್ರಶ್ನೆಯಾಗಿ ಎದ್ದು ನಿಲ್ಲುತ್ತದೆ. ಅಮೆರಿಕ, ಇಂಗ್ಲೆಂಡಿನಲ್ಲಿರುವ ಮಕ್ಕಳು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರಪತ್ರ ದೃಢೀಕರಿಸಿ ಕಳಿಸಿದರೆ ಊರಿನಲ್ಲಿರುವವರು ಓಡಾಡಬಹುದು.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಹುಡುಕುವವರು ಯಾರು?

ರಾಮ್ ರೆಡ್ಡಿ ನಿರ್ದೇಶಿಸಿದ ‘ತಿಥಿ’ ಸಿನಿಮಾ ನಮ್ಮ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ಇಟ್ಟುಕೊಂಡು ತೆಗೆದದ್ದು. ಕಥೆಯಲ್ಲಿ ಕೈಯಿದ್ದ ಈರೇಗೌಡರು ಅದೇ ಊರಿನವರು. ಸೆಂಚುರಿ ಗೌಡ ಸತ್ತ ಮೇಲೆ ಮೊಮ್ಮಗ ತಮ್ಮಣ್ಣ ಜಮೀನು ಮಾರಲು ಹೊರಟು, ಬದುಕಿರುವ ಅಪ್ಪ ಗಡ್ಡಪ್ಪನನ್ನೇ ಸತ್ತಿದ್ದಾನೆಂದು ಕಾಗದದಲ್ಲಿ ತೋರಿಸುತ್ತಾನೆ. ಅದನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಆದರೆ ನಿಜ ಜೀವನದಲ್ಲಿ ಕಾಗದದ ಮೇಲೆ ಇಲ್ಲವಾಗುವವರು ಹೆಚ್ಚಾಗಿ ಹೆಣ್ಣುಮಕ್ಕಳು. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಅಕ್ಕನ ಹೆಸರು ಇರುವುದಿಲ್ಲ. ಸತ್ತವನ ಮುದಿ ತಾಯಿಯ ಹೆಸರೂ ಬಿಟ್ಟುಹೋಗಿರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲ ಮೊದಲ ದರ್ಜೆಯ ವಾರಸುದಾರರು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಹಕ್ಕು ಕೊಟ್ಟಿತು, ಮದುವೆಯಾಗದವರಿಗೆ. 2005ರ ಸೆಪ್ಟೆಂಬರ್ 9ರಿಂದ ದೇಶದಾದ್ಯಂತ ಎಲ್ಲ ಹೆಣ್ಣುಮಕ್ಕಳಿಗೂ ಅದು ಬಂತು. ಆ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿ ಗೊಂದಲ ಮುಗಿಸಿತು.

ನಾಮಿನಿಯ ವಿಷಯದಲ್ಲೂ ಇಂಥದೇ ತಪ್ಪು ತಿಳಿವಳಿಕೆ. ನಾಮಿನಿ ಎಂದರೆ ಮಾಲೀಕನೆಂದು ತಿಳಿದು ತಮ್ಮನಿಗೆ ಹೇಳದೆ ಹಣ ತೆಗೆದ ಅಣ್ಣಂದಿರು ಎಷ್ಟೋ ಮಂದಿ. ಬ್ಯಾಂಕಿನಿಂದ ಹಣ ಪಡೆದು ವಾರಸುದಾರರಿಗೆ ಹಂಚಲು ಹೊಣೆಹೊತ್ತವನು ನಾಮಿನಿ. ಷೇರಿನಲ್ಲೂ ಹೀಗೆಯೇ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಜೀವವಿಮೆಯಲ್ಲಿ ಮಾತ್ರ, 2015ರ ತಿದ್ದುಪಡಿಯ ನಂತರ, ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರಿಗೇ ಸೇರುತ್ತದೆ.

ಸಾಲವೂ ಹುಡುಕಾಟದಲ್ಲಿ ಹೊರಬೀಳುತ್ತದೆ, ಆ ಹೆದರಿಕೆಗೇ ಕೆಲವರು ಟ್ರಂಕು ಮುಟ್ಟುವುದಿಲ್ಲ. ಅಷ್ಟು ಹೆದರಬೇಕಿಲ್ಲ. ಸತ್ತವರಿಂದ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರರು ಹೊಣೆ. ಅಪ್ಪನ ಸಾಲ ಮಗನ ಧರ್ಮಋಣ ಎಂಬ ಹಳೆಯ ಹಿಂದೂ ನ್ಯಾಯದ ಕಟ್ಟುಪಾಡನ್ನು 2005ರ ತಿದ್ದುಪಡಿ ತೆಗೆದುಹಾಕಿತು. ಮಗನೇ ಸಹಿ ಹಾಕಿ ಜಾಮೀನು ನಿಂತಿದ್ದರೆ ಅದು ಬೇರೆ. ಅತ್ತ, ಸತ್ತವರಿಗೆ ಬರಬೇಕಾದ ಕೈಸಾಲದ ಪ್ರೋನೋಟಿಗೆ ಮೂರು ವರ್ಷದ ಗಡುವು ಇದೆ. ದೊಡ್ಡಪ್ಪನ ಟ್ರಂಕಿನಲ್ಲಿದ್ದ ಮದುವೆ ಕಾಗದದ ಬೆನ್ನಿನ ಲೆಕ್ಕ ಬಂದದ್ದು ಕಾನೂನಿನಿಂದಲ್ಲ. ಆ ಹೆಸರಿನವರು ತಾವೇ ತಿಥಿಯ ವಾರದೊಳಗೆ ಬಂದು ದುಡ್ಡಿಟ್ಟು ದೊಡ್ಡಮ್ಮನಿಗೆ ಕೈಮುಗಿದು ಹೋದರು.

ಸರ್ಕಾರ ಮಾಡಬಹುದಾದ ಕೆಲಸ ಒಂದಿದೆ. ಮರಣ ನೋಂದಣಿ 21 ದಿನದೊಳಗೆ ಆಗಬೇಕು. ವರ್ಷ ದಾಟಿದರೆ 2023ರ ತಿದ್ದುಪಡಿಯ ಪ್ರಕಾರ ಜಿಲ್ಲಾ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆ ನೋಂದಣಿ ಆಗುವ ದಿನವೇ, ಸತ್ತವರ ಹೆಸರಿನಲ್ಲಿ ಉಪವಿಭಾಗದ ನಾಲ್ಕೂ ತಾಲ್ಲೂಕುಗಳಲ್ಲಿರುವ ಪಹಣಿ, ಇ-ಸ್ವತ್ತು, ಸಹಕಾರ ಸಂಘದ ಷೇರು ಮತ್ತು ಠೇವಣಿ, ಸ್ವಾಧೀನದ ಪರಿಹಾರ ಇವಿಷ್ಟರ ಪಟ್ಟಿಯನ್ನು ಎಲ್ಲ ವಾರಸುದಾರರಿಗೂ ಒಟ್ಟಿಗೇ ನಾಡಕಚೇರಿಯಲ್ಲಿ ಕೊಡಲು ಸಾಧ್ಯ. ಪಹಣಿಗೆ ಆಧಾರ್ ಜೋಡಿಸುವ ಕೆಲಸ ಹೇಗೂ ನಡೆದಿದೆ. ಬ್ರಿಟನ್ನಿನಲ್ಲಿ ಬ್ಯಾಂಕುಗಳು ಮತ್ತು ರಾಷ್ಟ್ರೀಯ ಉಳಿತಾಯ ಸಂಸ್ಥೆ ಸೇರಿ ಕಳೆದುಹೋದ ಖಾತೆ ಹುಡುಕಿಕೊಡುವ ಒಂದೇ ಕಿಂಡಿ ನಡೆಸುತ್ತಿವೆ. ನಮ್ಮಲ್ಲಿ ಕಿಂಡಿಗಳು ಐದಾರಿವೆ, ಹಳ್ಳಿಯ ಹೆಂಗಸಿಗೆ ಒಂದೂ ಎಟುಕುತ್ತಿಲ್ಲ.

ಮೇಲುಕೋಟೆಯ ದೇವರ ವೈರಮುಡಿ ಕಿರೀಟ ವರ್ಷವಿಡೀ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರುತ್ತದೆ. ಉತ್ಸವದ ದಿನ ಅಧಿಕಾರಿಗಳ ಮುಂದೆ ಹೊರತೆಗೆದು, ಪೊಲೀಸ್ ಕಾವಲಿನಲ್ಲಿ, ದಾರಿಯುದ್ದಕ್ಕೂ ಜನ ನೋಡುತ್ತಿರುವಂತೆಯೇ ಪಾಂಡವಪುರ ತಾಲ್ಲೂಕಿನ ಆ ಬೆಟ್ಟಕ್ಕೆ ಒಯ್ಯುತ್ತಾರೆ. ದೇವರ ಒಡವೆಯನ್ನೇ ನಾಲ್ಕು ಜನರ ಕಣ್ಣೆದುರು ತೆಗೆಯುವ ಸೀಮೆ ನಮ್ಮದು. ಮನೆಯ ಟ್ರಂಕನ್ನೂ ಹಾಗೆಯೇ ತೆಗೆಯಿರಿ. ತಿಥಿಗೆ ಬಂದ ಅಕ್ಕತಂಗಿಯರು ಬಸ್ಸು ಹತ್ತುವ ಮೊದಲೇ, ಅವರನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಒಂದೊಂದೇ ಕಾಗದವನ್ನು ಓದಿ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಎಲ್ಲರೂ ಸಹಿ ಹಾಕಿ, ಎಲ್ಲರ ಮೊಬೈಲಿನಲ್ಲೂ ಫೋಟೊ ತೆಗೆದುಕೊಳ್ಳಿ. ಆ ನೋಟ್‌ಬುಕ್ಕಿನ ಕೊನೆಯ ಹತ್ತು ಪುಟ ಖಾಲಿ ಬಿಟ್ಟು, ಅದರಲ್ಲಿ ನಿಮ್ಮದನ್ನೂ ಇವತ್ತೇ ಬರೆದಿಡಿ.